ಎಲೆ ಉದುರುವ ಮೊದಲು

ಉಮ್ ಸರೀಹಾ, ಕಾರ್ದೊಫಾನ್
ಡಿಸೆಂಬರ್ ೧೪, ೧೯೮೬

ಮಗಳು ಸಿತ್ತಾನಾಳಿಗೆ ನಿನ್ನ ಸೋದರಮಾವ ಜುಬಾರಾನ ಸಲಾಂ. ಮಕ್ಕಳಿಗೆ ಮುತ್ತು. ಉತ್ತರ ತಡವಾಯಿತು, ಬೈಯಬೇಡ. ಕಾಗದ ಒಯ್ಯುವ ಲಾರಿಯವನು ಸಿಗಲಿಲ್ಲ ಎಂದು ಸುಳ್ಳು ಬರೆಯಬಹುದಿತ್ತು. ತೋಟದ ಜಗಳ ಮುಗಿಯದೆ ಬರೆಯಲು ಮನಸ್ಸಾಗಲಿಲ್ಲ.

ತೀರಿಹೋದ ನಿನ್ನ ಗಂಡ ಹಾರೂನ್ ಬಿತ್ತಿ ಬೆಳೆಸಿದ ಹಶಾಬ್ ಮರಗಳು ಇನ್ನೂ ಇವೆಯೇ, ಅವುಗಳ ಅಂಟು ಮಾರುವುದನ್ನೇ ನಂಬಿ ಮಕ್ಕಳ ಸಮೇತ ಓಮ್ದುರ್ಮಾನ್ ಬಿಟ್ಟು ಊರಿಗೆ ಬರಬಹುದೇ ಎಂದು ಕೇಳಿದ್ದೆ. ತೋಟ ನಿಂತಿದೆ. ನಿಲ್ಲಿಸಿದವನು ಯಾರು? ನಿನ್ನ ಈ ಸೋದರಮಾವ.

ಮಳೆ ಮುಗಿಯುತ್ತಿದ್ದ ಹಾಗೆ ನಿನ್ನ ಮೈದುನ ಮರಗಳನ್ನೆಲ್ಲ ಇದ್ದಿಲು ಸುಡುವ ತಾವೂರ್‌ಗೆ ಮಾರುತ್ತೇನೆಂದು ಮಾತು ಕೊಟ್ಟುಬಿಟ್ಟ. ಮಾರನೆಯ ದಿನವೇ ಕೊಡಲಿ ಬರುತ್ತದೆಂದು ಸುದ್ದಿ ಬಂತು. ನಮ್ಮ ಕಟ್ಟಳೆ ನಿನಗೆ ಗೊತ್ತು: ಅಂಟು ಒಸರಲೆಂದು ತೊಗಟೆ ಸುಲಿದ ಮರವನ್ನು, ಅಂಟು ಬಿಡಿಸಿ ಮುಗಿಯುವವರೆಗೆ ಯಾರೂ ಕಡಿಯುವಂತಿಲ್ಲ. ಸುಲಿಯುವ ಈಟಿ ಹಿಡಿದು ಹೊರಟೆ. ಅದು ನನ್ನ ಕೈಯಲ್ಲಿದ್ದರೆ ಮರ ತಾನೇ ತೊಗಟೆ ಬಿಚ್ಚಿಕೊಡುತ್ತದೆ. ಸುಳ್ಳಾದರೆ ನನ್ನ ಗಡ್ಡ ಬೋಳಿಸು. ನನ್ನವಳು, ನಿನ್ನ ಅತ್ತೆ ಜಾರಾ, ಹಿಂದೆಯೇ ಬಂದು, ತೊಗಟೆಗಿಂತ ಮೊದಲು ಮುದುಕಪ್ಪನ ಸೊಂಟ ಕಿತ್ತು ಬರುತ್ತದೆ ಎಂದು ಹಂಗಿಸುತ್ತಲೇ ಸಿಪ್ಪೆ ಎಳೆದಳು. ಸಂಜೆಗೆ ಸುಲಿಯದ ಮರ ಒಂದೂ ಉಳಿಯಲಿಲ್ಲ.

ತಾವೂರ್ ಬಂದವನೇ ಕೊಂಬೆಗಳನ್ನು ನೋಡಿದ.

"ಎಲೆ ಇನ್ನೂ ಹಸಿರೈತೆ. ಎಲೆ ಉದುರೋಕೆ ಮೊದ್ಲೇ ಸುಲಿದೀಯಲ್ಲೋ ಜುಬಾರಾ, ಮರ ಸಾಯ್ತೈತೆ."

"ನಿನ್ ಕೊಡ್ಲಿಗಿಂತ ನಿಧಾನಕ್ಕೆ ಸಾಯ್ಲಿ ಬಿಡಪ್ಪ."

ನಕ್ಕು, ಚಹಾ ಕುಡಿದು, ಒಂಟೆ ತಿರುಗಿಸಿದ. ಆಮೇಲೆ ಊರ ಶೇಖ್ ನಿನ್ನ ಮೈದುನನನ್ನು ಕರೆಸಿ, ಅಣ್ಣನ ಮಕ್ಕಳ ಮರ ನಿನ್ನದಲ್ಲ ಎಂದು ಎಲ್ಲರೆದುರು ಹೇಳಿದರು. ಅವನೀಗ ನನ್ನನ್ನು ಕಂಡರೆ ಕತ್ತೆಯ ಮರೆಗೆ ಸರಿಯುತ್ತಾನೆ.

ಪಡುವಣ ಕಡೆಯ ಮರಗಳಲ್ಲಿ ಅಂಟು ಇಳಿದಿದೆ. ನಿಂಬೆಕಾಯಿಯಂಥ ಉಂಡೆಗಳು, ಬಿಸಿಲಿಗೆ ಹಿಡಿದರೆ ಜೇನಿನ ಬಣ್ಣ.

ನಿನ್ನ ಗಡಿಗೆ ಬರಿದಾಗದಿರಲಿ, ಮಕ್ಕಳ ಮೈಗೆ ಮಾಂಸ ಹತ್ತಲಿ, ದೇವರು ನಿಮ್ಮನ್ನು ಕಾಯಲಿ.

ನಿನ್ನ ಮಾವ
ಜುಬಾರಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಮೂಡಣ ಕಡೆಯ ಮರಗಳು ಎಲೆ ಉದುರಿಸಿಲ್ಲ. ಎಲೆಗಳು ಕೊಂಬೆಯಲ್ಲೇ ಒಣಗಿ ಗಾಳಿಗೆ ಸದ್ದು ಮಾಡುತ್ತಿವೆ. ಎಲೆ ಬಿಟ್ಟುಕೊಟ್ಟ ಮರ ಮತ್ತೆ ಚಿಗುರುತ್ತದೆ. ಹಿಡಿದುಕೊಂಡು ಒಣಗಿದ್ದು ಚಿಗುರುವುದಿಲ್ಲ. ಅರ್ಧ ತೋಟ ನನ್ನ ಕೈಯಿಂದಲೇ ಹೋಯಿತು. ಉಳಿದರ್ಧದಲ್ಲಿ ನಿಮ್ಮೆಲ್ಲರ ಹೊಟ್ಟೆ ತುಂಬದು. ಮುಂದಿನ ಮಳೆಗೆ ಬಿತ್ತಲೆಂದು ಜಾರಾ ಹಶಾಬ್‌ನ ಹೊಸ ಬೀಜ ಆರಿಸಿ ಇಟ್ಟಿದ್ದಾಳೆ. ಈ ವರ್ಷ ಬರಬೇಡ, ಮಗಳೇ.