ಅಕ್ಕೋರ ಪಾಠ ಇದ್ದಾಗ

ನವೆಂಬರ್ 11, ಮಂಗಳವಾರ

ಎಕ್ಕಂಬಿ ಬಸ್ಸು ಇವತ್ತೂ ತಡ. ನಿಂತೇ ಅಭ್ಯಾಸ ಬೋಧನೆಯ ಶಾಲೆಗೆ ಬಂದೆ. ಆದರೂ ಖುಷಿ — ಶನಿವಾರ ಶಿರಸಿಯ ನಮ್ಮ ಬಿ.ಎಡ್. ಕಾಲೇಜಿನಲ್ಲಿ ಕೊಟ್ಟ ಸೆಮಿನಾರ್ ಇನ್ನೂ ತಲೆಯಲ್ಲಿದೆ. ವಿಷಯ: ಕಥೆಗಳಲ್ಲಿ ಆಟಿಸಂ ಇರುವ ಮಕ್ಕಳು. ಕಥೆಗಾರರನ್ನು ಚೆನ್ನಾಗಿಯೇ ಝಾಡಿಸಿದೆ. ಅಂಥ ಮಗು ಒಂದೋ ಲೆಕ್ಕದಲ್ಲಿ ಮಹಾ ಬುದ್ಧಿವಂತ, ಇಲ್ಲವೇ ಅಮ್ಮನ ಕಣ್ಣೀರಿಗೊಂದು ನೆಪ. ಕೆಲಸ ಮುಗಿದ ಮೇಲೆ ಮಗುವನ್ನು ಕಥೆಯಿಂದ ಹೊರಗೆ ಕಳಿಸುತ್ತಾರೆ, ಎಂದೆ. ಚಪ್ಪಾಳೆ. "ನೀನು ಟೀಚರ್ ಆಗಲಿಕ್ಕೇ ಹುಟ್ಟಿದವಳು" ಎಂದರು ಮೇಡಂ. ಉಬ್ಬಿಹೋದೆ.

ನವೆಂಬರ್ 19, ಬುಧವಾರ

ಎಂಟನೇ ಕ್ಲಾಸಿನ ಭೂಮಿಕಾಗೆ ಆಟಿಸಂ. ನಾನು ಓದಿದ ಯಾವ ಕಥೆಯ ಮಗುವಿನ ಹಾಗೂ ಇಲ್ಲ. ಕಿಟಕಿ ಪಕ್ಕ ಬಿಟ್ಟು ಬೇರೆಲ್ಲೂ ಕೂರಳು. ಇಲ್ಲಿ ಟೀಚರಿಗೆ 'ಅಕ್ಕೋರು' ಎನ್ನುತ್ತಾರೆ; ಈ ಅಕ್ಕೋರು ಕೇಳಿದ ಪ್ರಶ್ನೆಯನ್ನೆಲ್ಲ ಗಟ್ಟಿಯಾಗಿ ಮತ್ತೊಮ್ಮೆ ಹೇಳುತ್ತಾಳೆ. ಇವತ್ತು ಮಕ್ಕಳು ನಕ್ಕರು. ನನಗೂ ನಗು ಬಂತು... ಥೂ.

ನವೆಂಬರ್ 24, ಸೋಮವಾರ

ನಾಳೆ ಪರೀಕ್ಷಾ ಪಾಠ. ಪರೀಕ್ಷಕರು ಹಿಂದೆ ಕೂತು ಅಂಕ ಹಾಕುತ್ತಾರೆ. ಭೂಮಿಕಾ ನಡುವೆ ಕೂಗಿದರೆ? ಯಲ್ಲಾಪುರದ ಶಾಲೆಯಲ್ಲಿರುವ ಸಹಪಾಠಿ ಅಭಿಜ್ಞಾಗೆ ಫೋನ್ ಮಾಡಿದೆ.

"ಎಲ್ಲರೂ ಮಾಡದೇ ಹಂಗೆ ಮಾರಾಯ್ತಿ! ಉತ್ತರ ಹೇಳವ್ರನ್ನ ಮುಂದೆ ಕೂರ್ಸು, ಅದನ್ನ ಹೊರಗೆ ಕಳ್ಸು. ಒಂದ್ ಪಿರಿಯಡ್ಡಿಗೆ ಎಂತ ಆಗ್ತಿಲ್ಲೆ."

ನವೆಂಬರ್ 25, ಮಂಗಳವಾರ

ಬೆಳಿಗ್ಗೆಯೇ ಭೂಮಿಕಾಗೆ ಹೇಳಿದೆ: "ಅಕ್ಕೋರ ಪಾಠ ಇದ್ದಾಗ ಅಡುಗೆ ಕೋಣೆ, ಜಾಣೆ." ತಕರಾರಿಲ್ಲದೆ ಹೋದಳು. ಬಿಸಿಯೂಟದ ಅನ್ನಪೂರ್ಣವ್ವ ಅವಳಿಗೆ ಮಣೆ ಹಾಕಿಕೊಟ್ಟರು. ಪಾಠ ಬೆಣ್ಣೆಯಂತೆ ಸಾಗಿತು.

ಆಮೇಲೆ ಪರೀಕ್ಷಕರು ಕೇಳಿದರು — "ವಿಶೇಷ ಗಮನ ಬೇಕಾದ ಮಕ್ಕಳು ಇದ್ದಾರಾ?"

"ಇಲ್ಲ ಸರ್."

ಎಷ್ಟು ಸಲೀಸಾಗಿ ಹೇಳಿದೆ! ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನವೆಂಬರ್ 27, ಗುರುವಾರ

ಗಣಿತದ ಪಿರಿಯಡ್ಡಿಗೆ ಕಿಟಕಿ ಪಕ್ಕ ಕೂತಿದ್ದ ಭೂಮಿಕಾ ನಾನು ಒಳಗೆ ಬಂದ ಕೂಡಲೇ ಎದ್ದು ಹೋದಳು. ನಿನ್ನೆಯೂ ಹಾಗೆಯೇ. ಕರೆತರಲು ಅಡುಗೆ ಕೋಣೆಗೆ ಹೋದೆ.

"ಈಕಿ ಒಲ್ಲೆ ಅಂತಾಳ್ರಿ, ಅಕ್ಕೋರೆ," ಎಂದರು ಅನ್ನಪೂರ್ಣವ್ವ. "ನೀವ ಹೇಳೀರಂತಲ್ರಿ?"

"ಅದು ಒಂದು ದಿನಕ್ಕೆ ಮಾತ್ರ ಭೂಮಿಕಾ. ಬಾ."

"ಅಕ್ಕೋರ ಪಾಠ ಇದ್ದಾಗ ಅಡುಗೆ ಕೋಣೆ, ಜಾಣೆ."

ಸಿಟ್ಟಿಲ್ಲ, ದೂರಿಲ್ಲ. ನನ್ನದೇ ದನಿ, ಆ 'ಜಾಣೆ' ಸಹ. ನಾಚಿಕೆಯಿಂದ ಅನ್ನಪೂರ್ಣವ್ವನ ಮುಖ ನೋಡಲಾಗಲಿಲ್ಲ.

ಡಿಸೆಂಬರ್ 4, ಗುರುವಾರ

ಪರೀಕ್ಷಾ ಪಾಠದಲ್ಲಿ ನನಗೇ ಹೆಚ್ಚು ಅಂಕವಂತೆ. ಅಭಿಜ್ಞಾ ಮೆಸೇಜ್ ಮಾಡಿದ್ದಾಳೆ. ಉತ್ತರಿಸಿಲ್ಲ.

ಇವತ್ತು ಪಾಠ ಅನ್ನಿಸದ ಹಾಗೆ, ಪುಸ್ತಕವಿಲ್ಲದೆ ಬರಿಗೈಯಲ್ಲಿ ಕ್ಲಾಸಿಗೆ ಹೋದೆ. ಎದ್ದು ಹೊರಟಿದ್ದ ಭೂಮಿಕಾ ಬಾಗಿಲಲ್ಲಿ ತಡೆದು ನಿಂತಳು.

"ಅಕ್ಕೋರ ಪಾಠ ಐತಾ?"

"ಇಲ್ಲ," ಎಂದೆ. ಮತ್ತೆ ಅದೇ 'ಇಲ್ಲ'.

ಹೋಗಿ ಕಿಟಕಿ ಪಕ್ಕ ಕೂತಳು. ಮಕ್ಕಳು ಪುಸ್ತಕ ತೆರೆದು ನನ್ನನ್ನೇ ನೋಡುತ್ತಿದ್ದರು. ಟೀಚರ್ ಆಗಲಿಕ್ಕೇ ಹುಟ್ಟಿದವಳು ಸುಮ್ಮನೆ ನಿಂತಿದ್ದೆ. ಹೆಡ್‌ಮಾಸ್ತರರು ಜಗಲಿಯಲ್ಲಿ ಬರುವುದು ಕಂಡಿತು. ಮುಂದಿನ ಬೆಂಚಿನ ಪುಸ್ತಕ ಎತ್ತಿಕೊಂಡು, ಆದಷ್ಟು ಮೆಲ್ಲಗೆ, ಒಂದು ಸಾಲು ಓದಿದೆ.

ಕಿಟಕಿಯ ಕಡೆ ಬೆಂಚು ಸರಿದ ಸದ್ದು. ತಲೆ ಎತ್ತಲು ನನಗೆ ಧೈರ್ಯವಾಗಲಿಲ್ಲ.