ಅಂತ್ರ ಒಡವೆಯಲ್ಲ

ದಾವಣಗೆರೆ
9-9-1963

ಹರಿಹರದ ನನ್ನ ಅವ್ವನಿಗೆ ನೀಲಳ ಶರಣು.

ನಿನ್ನ ಕಾಗದ ಶನಿವಾರ ಬಂತು. ಡಾಕ್ಟರ ಕಾಲು ಹಿಡಿದು ತಪ್ಪಾಯಿತು ಅನ್ನು, ಇದ್ದ ಕೆಲಸ ಕಳೆದುಕೊಳ್ಳಬೇಡ ಎಂದು ಬರೆದಿದ್ದೀಯ. ಕರಿಯಣ್ಣ ಮಾವ ನಿನಗೆ ಹೇಳಿದ್ದು ಅರ್ಧ ಮಾತ್ರ. ಉಳಿದರ್ಧ ನನ್ನಿಂದಲೇ ಕೇಳು. ಓದಿದ ಮೇಲೂ ಕಾಲು ಹಿಡಿ ಎನ್ನುವುದಾದರೆ ಎನ್ನು, ನಾನು ಹಿಡಿಯುವುದಿಲ್ಲ.

ಎರಡು ವರ್ಷದ ಹಿಂದೆ ಮಾವ ನನ್ನನ್ನು ಈ ನರ್ಸಿಂಗ್ ಹೋಮಿಗೆ ಸೇರಿಸಿದಾಗ ಎಕ್ಸ್‌ರೇ ಕೋಣೆಯಲ್ಲಿ ಹೆಂಗಸರಿಗೆ ಗೌನು ತೊಡಿಸುವುದಷ್ಟೇ ನನ್ನ ಕೆಲಸ. ಯಂತ್ರ ನೋಡಿಕೊಳ್ಳಲು ತರಬೇತಿ ಪಡೆದವರೊಬ್ಬರಿದ್ದರು. ಅವರು ಹುಬ್ಬಳ್ಳಿಗೆ ಹೋದರು. ಡಾಕ್ಟರು ನನ್ನನ್ನು ಕರೆದು, "ಮೂರು ಗುಂಡಿ, ಒಂದು ಗಡಿಯಾರ. ಇದಕ್ಕೇನು ಕಾಲೇಜಿಗೆ ಹೋಗ್ಬೇಕೇನಮ್ಮಾ?" ಎಂದರು. ನಿಜ ಹೇಳುತ್ತೇನೆ, ಹಿಗ್ಗಿಹೋದೆ.

ಆಮೇಲೆ ಹಳೇ ಪುಸ್ತಕದಂಗಡಿಯಲ್ಲಿ ಎಕ್ಸ್‌ರೇ ಕುರಿತ ಒಂದು ಇಂಗ್ಲಿಷ್ ಕಿರುಹೊತ್ತಿಗೆ ಸಿಕ್ಕಿತು. ನಿಘಂಟು ಹಿಡಿದು ಓದಿದೆ. ಈ ಕಿರಣ ಕಣ್ಣಿಗೆ ಕಾಣದು, ಆದರೆ ಮೈಯನ್ನು ಸುಡದೆ ಬಿಡದು ಎಂದಿತ್ತು. ಸೀಸದ ಅಂಗಿ ಬೇಕು ಎಂದು ಕೇಳಿದೆ. "ಬಂದ್ಲು ನೋಡ್ರಪ್ಪ ಪಂಡಿತೆ" ಎಂದು ಡಾಕ್ಟರು ನಕ್ಕರು. ಅಂಗಿ ಬರಲಿಲ್ಲ. ನಾನೂ ಗುಂಡಿ ಒತ್ತುವುದನ್ನು ಬಿಡಲಿಲ್ಲ.

ಜೂನಿನಲ್ಲಿ ಮೈಲಮ್ಮ ಎಂಬಾಕೆ ಬಂದಳು. ಹತ್ತಿ ಗಿರಣಿಯ ಕೆಲಸ, ಧೂಳಿನ ಕೆಮ್ಮು. ಎದೆಯ ಫೋಟೋ ತೆಗೆಸಿಕೊಂಡು ಬಾ ಎಂದು ಗಿರಣಿಯವರು ಕಳಿಸಿದ್ದರು. ಎಲ್ಲರಿಗೂ ಹೇಳುವಂತೆ ಆಕೆಗೂ "ಒಡವೆ ಎಲ್ಲಾ ತೆಗೀರಿ" ಎಂದೆ. ಅಳುಕುತ್ತಲೇ ತಾಳಿಯನ್ನೂ ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡಳು, ಮರೆಯಲ್ಲಿ ಗೌನು ತೊಟ್ಟು ಬಂದಳು. ನಾನು ಯಂತ್ರದ ಹತ್ತಿರವಿದ್ದೆ. ಫಿಲ್ಮಿನಲ್ಲಿ ಬಲಗಡೆ ಮೇಲೆ ಮೋಡದಂಥ ಕಲೆ. ಡಾಕ್ಟರು ಕ್ಷಯ ಎಂದು ಬರೆದರು. ಗಿರಣಿ ಕೆಲಸದಿಂದ ತೆಗೆಯಿತು. ಅತ್ತೆ ಮೊಲೆಯುಣ್ಣುವ ಕೂಸನ್ನು ಕಿತ್ತುಕೊಂಡು ಆಕೆಯನ್ನು ತವರೂರು ಸಾರಥಿಗೆ ಅಟ್ಟಿದಳು.

ಇಂಜೆಕ್ಷನ್ ನಡೆದಿದ್ದಾಗಲೇ, ಆಗಸ್ಟಿನಲ್ಲಿ, ಇನ್ನೊಂದು ಫೋಟೋಗೆ ಬಂದಳು. ಸೊರಗಿ ನಿಲ್ಲಲಾರದೆ ಇದ್ದಳು. ಗೌನು ನಾನೇ ತೊಡಿಸಿದೆ. ಬೆರಳಿಗೆ ದಾರವೊಂದು ತಗುಲಿತು. ಕಂಕುಳಿನಿಂದ ಹೆಗಲಿಗೆ ಕಟ್ಟಿದ ದಾರ. ಬೆನ್ನ ಮೇಲೆ, ಬಲಗಡೆ, ಬಟ್ಟೆಯಲ್ಲಿ ಹೊಲಿದ ಅಂತ್ರ, ಒಳಗೆ ಒತ್ತಿ ತುಂಬಿದ ಭಸ್ಮ. ಹೋದ ಸಲವೂ ಇದು ಇತ್ತೇ ಎಂದು ಕೇಳಿದೆ.

"ಇತ್ರೀ. ಬಾಣಂತನದಾಗ ದೃಷ್ಟಿ ಆಗಬಾರ್ದಂತ ನಮ್ಮವ್ವ ಕಟ್ಟಿದ್ದು. ನೀವು ಒಡವೆ ತೆಗಿ ಅಂದ್ರಿ. ಅಂತ್ರ ಒಡವೆ ಹೆಂಗಾಗ್ತೈತೆ ತಾಯಿ?"

ಅದನ್ನು ಬಿಚ್ಚಿಸಿ ಫೋಟೋ ತೆಗೆದೆ. ಎದೆ ತಿಳಿಯಾಗಿತ್ತು. ಅಂತ್ರವನ್ನಷ್ಟೇ ಇಟ್ಟು ಇನ್ನೊಂದು ತೆಗೆದೆ. ಅದೇ ಮೋಡ.

ಎರಡನ್ನೂ ಡಾಕ್ಟರ ಮೇಜಿನ ಮೇಲಿಟ್ಟೆ. ಬೆಳಕಿಗೆ ಹಿಡಿದು ನೋಡಿದರು. "ನಮ್ಮ ಇಂಜೆಕ್ಷನ್‌ಗೆ ವಾಸಿ ಆತು ಅಂತ ಬರೆಯೋಣ. ಅವಳಿಗೂ ಒಳ್ಳೇದು, ನಮಗೂ ಒಳ್ಳೇದು" ಎಂದರು. ಅವ್ವ, ಕ್ಷಯ ವಾಸಿಯಾಯಿತು ಎಂದರೆ ಇತ್ತು ಎಂದೇ ಅರ್ಥವಲ್ಲವೇ? ಅಂಥವಳಿಗೆ ಯಾವ ಗಿರಣಿ ಬಾಗಿಲು ತೆಗೆಯುತ್ತದೆ? ಯಾವ ಅತ್ತೆ ಕೂಸನ್ನು ಮಡಿಲಿಗೆ ಹಾಕುತ್ತಾಳೆ?

ಗಿರಣಿಯ ಮ್ಯಾನೇಜರಿಗೆ ನಾನೇ ಬರೆದುಕೊಟ್ಟೆ. ಫೋಟೋ ತೆಗೆದವಳು ನಾನು, ನನಗೆ ತರಬೇತಿಯಿಲ್ಲ, ಸರ್ಟಿಫಿಕೇಟಿಲ್ಲ, ಆ ಕಲೆ ಆಕೆಯ ಎದೆಯದಲ್ಲ, ಬೇರೆಡೆ ತೆಗೆಸಿ ನೋಡಿ ಎಂದು. ಕೆಳಗೆ ಹೆಸರು ಬರೆದೆ. ಡಾಕ್ಟರಿಗೆ ಗೊತ್ತಾಗಿ ಕೂಗಾಡಿದರು: "ಸರ್ಟಿಫಿಕೇಟ್ ಇಲ್ಲ ಅಂತ ನೀನೇ ಬರ್ಕೊಟ್ಟೀಯಲ್ಲ, ಇನ್ನ ಯಾವ ಆಸ್ಪತ್ರೆ ನಿನ್ನ ಇಟ್ಕೊಂತೈತೆ?" ಯಾವುದೂ ಇಟ್ಟುಕೊಳ್ಳಬಾರದು ಎಂದೆ. ಲಾರಿ ಓಡಿಸುವವನಿಗೆ ಲೈಸೆನ್ಸ್ ಬೇಕು. ಜನರ ಮೈಯೊಳಗೆ ಕಿರಣ ಹಾಯಿಸುವವಳಿಗೆ ಏನೂ ಬೇಡವೇ? ಒಂದು ತಪ್ಪಿಗೆ ಇಷ್ಟೊಂದು ರಂಪವೇ ಎಂದರು. ಗೊತ್ತಾದದ್ದು ಒಂದು ಎಂದೆ. ಅಂದೇ ಹೊರಗೆ ಹಾಕಿದರು.

ಗಿರಣಿಯವರು ಸರ್ಕಾರಿ ಆಸ್ಪತ್ರೆಯಲ್ಲಿ ಫೋಟೋ ತೆಗೆಸಿದರು. ಮೈಲಮ್ಮ ಶುಕ್ರವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾಳೆ. ಕೂಸನ್ನು ಅತ್ತೆ ಇನ್ನೂ ಕೊಟ್ಟಿಲ್ಲ; ನಾಳೆ ಫಿಲ್ಮು ಹಿಡಿದು ನಾನೂ ಆಕೆಯ ಜೊತೆ ಆ ಮನೆಗೆ ಹೋಗುತ್ತೇನೆ. ಬೆಂಗಳೂರಿನ ತರಬೇತಿಗೆ ಅರ್ಜಿ ಹಾಕಿದ್ದೇನೆ. ಪಾಸಾಗುವವರೆಗೆ ಯಂತ್ರ ಮುಟ್ಟುವುದಿಲ್ಲ. ಮಾವನಿಗೆ ಹೇಳು, ಅವರ ಹೆಸರು ನಾನು ಕೆಡಿಸಿಲ್ಲ.

ತಪ್ಪಾಯಿತು ಎಂದು ಮೈಲಮ್ಮನ ಕಾಲು ಹಿಡಿದಿದ್ದೇನೆ. ಇನ್ನೊಬ್ಬರದು ಹಿಡಿಯಬೇಕಾಗಿಲ್ಲ.

ನಿನ್ನ ಹಟಮಾರಿ ಮಗಳು
ನೀಲ

ತಾ.ಕ.: ಇಲ್ಲ, ಇನ್ನೊಬ್ಬರದಿದೆ. ಹೋದ ವರ್ಷ ನಿನ್ನ ಎದೆಯ ಫೋಟೋ ತೆಗೆದು, ಡಾಕ್ಟರು ಏನೂ ಇಲ್ಲ ಅಂದರು ಎಂದಿದ್ದೆನಲ್ಲ, ಅವರು ಅದನ್ನು ನೋಡಲೇ ಇಲ್ಲ. ಫಿಲ್ಮು ಮಸುಕಾಗಿತ್ತು. ನನಗೆ ಕೆಲಸ ಬರುವುದಿಲ್ಲ ಅಂದುಕೊಂಡಾರು ಎಂದು ಬಚ್ಚಿಟ್ಟೆ. ಗುರುವಾರ ಬೆಳಗಿನ ಗಾಡಿಗೆ ಬಾ. ಸರ್ಕಾರಿ ಆಸ್ಪತ್ರೆಯಲ್ಲಿ ಕಲಿತವರಿದ್ದಾರೆ. ನಾನು ಸ್ಟೇಷನ್ನಿನಲ್ಲೇ ಇರುತ್ತೇನೆ. ಎಷ್ಟು ಬೇಕಾದರೂ ಬೈ, ಆದರೆ ಬಾ.