ಬುಧವಾರವೇ ಹೊರಟ ಬ್ಯಾಗು

ಕೀರ್ತನ,

ಸೋಂಪುರದ ಫ್ಯಾಕ್ಟರಿ ಬಸ್ಸಿಗೆ ಹೊರಟೆ. ಸಾರು ಬಿಸಿ ಮಾಡ್ಕೊಂಡು ಮುದ್ದೆ ಉಣ್ಣು.

ಬ್ಯಾಗ್ ಹುಡುಕಬೇಡ, ಬಚ್ಚಿಟ್ಟಿಲ್ಲ. ಗುರುವಾರ ದಕ್ಷಿಣಕ್ಕೆ ಶೂಲ, ಹೊರಡಬಾರದು ಕಣೇ. ನೀನೋ, ಕನ್ಯಾಕುಮಾರಿಗೆ ನಾಳೇನೇ ನಡೆಯೋಕೆ ಶುರು ಮಾಡ್ತೀನಿ ಅಂತೀಯ. ಅದಕ್ಕೇ ಬ್ಯಾಗನ್ನ ಇವತ್ತೇ ಪಕ್ಕದ ಮುನಿವೆಂಕಟಮ್ಮಜ್ಜಿ ಮನೇಲಿ ಇಟ್ಟು ಬಂದೆ. ನೀನು ಬುಧವಾರವೇ ಹೊರಟ ಲೆಕ್ಕ.

ಬ್ಯಾಗೊಳಗೆ ಹುರಿಹಿಟ್ಟಿದೆ. ಈ ಸುಡುಬಿಸಿಲಲ್ಲಿ ಮಧ್ಯಾಹ್ನ ನಡೀಬೇಡ. ಲಾರಿಗಳು ಎದುರಿಗೆ ಕಾಣೋ ಕಡೆಯಿಂದಲೇ ಹೋಗು.

ನಿನ್ನನ್ನ ಹೆಂಗೆ ತಡೆಯೋದು ಅಂತ ವಾರದಿಂದ ಒದ್ದಾಡಿದ್ದೀನಿ. ಕೊನೆಗೆ ನಾನೇ ಕೈಯಾರೆ ಬ್ಯಾಗನ್ನ ಹೊಸ್ತಿಲು ದಾಟಿಸ್ಬಿಟ್ಟೆ. ಹಾಗೆ ದಾಟಿಸಿದ್ದನ್ನ ಮತ್ತೆ ಒಳಗೆ ತರೋ ಹಾಗಿಲ್ಲ. ಅದು ನೆನಪಾಗಿದ್ದು ಅಜ್ಜಿ ಕೈಗೆ ಕೊಟ್ಟ ಮೇಲೆ. ನಾಳೆ ಅಜ್ಜಿ ಮನೆಯಿಂದಲೇ ಬ್ಯಾಗ್ ಎತ್ಕೊಂಡು ಹೊರಡು.

ಅಮ್ಮ